ಗುಡಿಸಿದ ಅಂಗಳ

ಬಿರುಗಾಳಿಗೆ ಕಡಬದ ಸುತ್ತ ಎಷ್ಟೋ ಮನೆಗಳ ಶೀಟು ಹಾರಿಹೋಗಿತ್ತು. ಸೇವೆಗೆಂದು ಹೊರದೇಶದಿಂದ ಬಂದಿದ್ದ ಪಾದ್ರಿಯೊಬ್ಬರಿಗೆ ನಾನು ದುಭಾಷಿ. ಸಿದ್ದಗಂಗಮ್ಮ ಅನ್ನೋ ಅಜ್ಜಿಗೆ ಹಿಂದಿನ ದಿನವೇ, "ನಾಳೆ ಟಾರ್ಪಾಲ್ ಕೊಡೋಕೆ ಬರ್ತಾರೆ" ಎಂದು ಹೇಳಿಬಂದಿದ್ದೆ.

ಮನೆಗೆ ಜನ ಬರ್ತಾರೆಂದು ಅಜ್ಜಿ ಶೀಟು ಹಾರಿದ್ದ ಸೂರಿಗೆ ತೆಂಗಿನ ಗರಿ ಹೊದಿಸಿ, ಅಂಗಳ ಗುಡಿಸಿ ಸಾರಿಸಿ, ರಂಗೋಲಿ ಬಿಟ್ಟು, ಒಳ್ಳೆ ಸೀರೆ ಉಟ್ಟು ನಿಂತಿತ್ತು. ಪಾದ್ರಿ ಸುತ್ತ ನೋಡಿ, "ಇವರಿಗೆ ಅಂಥದ್ದೇನೂ ಆಗಿಲ್ಲ" ಎಂದು ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದರು. ನಾನು ಮೇಲಿನ ಗರಿ ತೋರಿಸಿ, ಇದು ಒಂದು ಮಳೆಗೂ ತಡೆಯಲ್ಲ ಎಂದೆ. ಅವರು ಚೆನ್ನಾಗಿದೆ ಎಂದು ಅದರ ಫೋಟೋ ತೆಗೆದುಕೊಂಡರು.

"ಏನಂದ್ರಪ್ಪ?" ಎಂದಿತು ಅಜ್ಜಿ.

"ಮನೆ ಚೆನ್ನಾಗೈತಂತೆ ಕಣಜ್ಜಿ" ಎಂದೆ. ಅಜ್ಜಿ ಹಿಗ್ಗಿ, ಅವರಿಗೆ ಕಾಫಿ ಕಾಯಿಸೋಕೆ ಒಳಗೆ ಹೋಯಿತು.

ಮುಂದಿನ ಹಳ್ಳಿಗೆ ನಾನೇ ಮೊದಲು ಹೋಗಿ, ಯಾರೂ ಕಸ ಗುಡಿಸಬೇಡಿ ಎಂದು ಹೇಳಿದೆ.