ಒಂದೇ ಕಡೆಯ ದಲ್ಲಾಳಿ

ಬಂಕಾಪುರದ ಖಾದರಸಾಬನನ್ನು ನಾನು ಮೂವತ್ತು ವರ್ಷದಿಂದ ಬೈಯುತ್ತಾ ಬಂದಿದ್ದೇನೆ. ಶಿಗ್ಗಾಂವಿಯ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಖರೀದಿ ಪತ್ರ ಬರೆಯುವವನು ನಾನು, ಮೃತ್ಯುಂಜಯ. ಅವನು ಮನೆ ಕೊಡಿಸುವ ದಲ್ಲಾಳಿ. ಅವನು ಕೂಡಿಸಿದ ವ್ಯವಹಾರಗಳು ನನ್ನ ಮೇಜಿಗೇ ಬರುವುದರಿಂದ, ಬೈದರೂ ಚಹಾ ಕುಡಿಸಿ ಬೈಯುತ್ತೇನೆ.

ಮೊದಲು ಅವನು ದನದ ಸಂತೆಯ ದಲ್ಲಾಳಿಯಾಗಿದ್ದ. ಸವಣೂರು, ಹಾನಗಲ್ಲು ಎಲ್ಲ ಕಡೆ ಅವನ ಹೆಗಲ ಮೇಲಿನ ಟವೆಲ್ಲನ್ನು ಜನ ದೂರದಿಂದಲೇ ಗುರುತಿಸುತ್ತಿದ್ದರು. ಟವೆಲ್ಲಿನ ಕೆಳಗೆ ಕೈ ಹಾಕಿ, ಬೆರಳು ಹಿಡಿದು ದರ ಹೇಳುವುದು ಆ ವ್ಯಾಪಾರದ ರೀತಿ. ಮಾರುವವನ ಬೆರಳು ಕೊಳ್ಳುವವನಿಗೆ ಕಾಣಬಾರದು, ಕೊಳ್ಳುವವನದು ಮಾರುವವನಿಗೆ ಕಾಣಬಾರದು. ನಡುವಿನ ದಲ್ಲಾಳಿಗೆ ಎರಡೂ ಗೊತ್ತಿರುತ್ತದೆ. ಅವನು ಬಾಯಿ ಬಿಡಬಾರದು, ಅಷ್ಟೆ. ಟ್ರ್ಯಾಕ್ಟರುಗಳು ಬಂದು ಎತ್ತಿನ ವ್ಯಾಪಾರ ಬಿದ್ದುಹೋದಾಗ ಖಾದರಸಾಬ ಮನೆಗಳ ವ್ಯಾಪಾರಕ್ಕೆ ಇಳಿದ. ಟವೆಲ್ಲನ್ನೂ ಜೊತೆಗೇ ತಂದ.

ಮಾರುವವರಿಗೂ ಕೊಳ್ಳುವವರಿಗೂ ಅವನದು ಒಂದೇ ಮಾತು: "ನಾ ನಿಮ್ಮ ಮನಷ್ಯಾರಿ." ದಲಾಲಿಯ ದುಡ್ಡೂ ಎರಡೂ ಕಡೆಯಿಂದ.

"ಅಲ್ಲೋ ಸಾಬ, ಒಬ್ಬಾಂವ ಇಬ್ಬರ ಮನಷ್ಯಾ ಹೆಂಗ ಆಗ್ತಾನೋ?" ಎಂದು ರೇಗಿದರೆ, "ದೇವರು ಎರಡ ಕೈ ಕೊಟ್ಟಾನಲ್ರಿ ಮೃತ್ಯುಂಜಯಪ್ಪಾರ," ಎಂದು ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದ.

ಅವನ ಒಂದು ಕೈ ಕಟ್ಟಿಹಾಕಿದವಳು ಹೊನ್ನವ್ವ. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು. ಗಂಡ ಇಲ್ಲ, ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಬಿಟ್ಟಿದ್ದಳು. ಒಬ್ಬ ಮಾಲಕನಿಗೆ ಮಗನ ಲಗ್ನ ಬಂತು, ಇನ್ನೊಬ್ಬನಿಗೆ ಅವಳು ಖಾರ ಕುಟ್ಟಿದರೆ ಸೀನು ಬಂತು. ಉಳಿಸಿದ್ದೆಲ್ಲ ಸೇರಿಸಿದರೆ ಒಂದು ಸಣ್ಣ ಮನೆ ಬರುತ್ತಿತ್ತು. ಅದರಲ್ಲಿ ಮೋಸ ಹೋದರೆ ಇನ್ನೊಂದು ಈ ಜನ್ಮದಲ್ಲಿ ಇಲ್ಲ. ಆ ಹೆದರಿಕೆ ಅವಳ ಮುಖದ ಮೇಲೇ ಕಾಣುತ್ತಿತ್ತು.

ನನ್ನ ಮೇಜಿನ ಮುಂದೆ ನಿಂತು ಖಾದರಸಾಬನನ್ನು ಕೇಳಿದಳು: "ಸಾಬರ, ನೀವು ಯಾರ ಕಡೇರು?"

"ಇಬ್ಬರ ಕಡೀನೂ, ಯವ್ವಾ."

"ಹಂಗಾರ ನನ್ನ ಕಡೆ ಯಾರೂ ಇಲ್ಲಂದಂಗಾತು."

ನನಗೆ ಎಷ್ಟು ಖುಷಿಯಾಯಿತೆಂದರೆ ಕೂಡಲೇ ಬಾಂಡ್ ಪೇಪರ್ ತೆಗೆದೆ. "ಕೇಳೋ ಸಾಬ. ಏಜೆಂಟ ಅಂದ್ರ ಒಬ್ಬರ ಪರ ನಿಂತಾಂವ. ಇಬ್ಬರ ಪರ ನಿಲ್ಲೂದಿದ್ರ ಇಬ್ಬರಿಗೂ ಹೇಳಿ, ಹೂಂ ಅನಿಸ್ಕೋಬೇಕು. ಕಾಯ್ದೆ ಐತಿ." ಬರೆದೆ: ಖಾದರಸಾಬ ಕೊಳ್ಳುವವಳ ಕಡೆಯವನು ಮಾತ್ರ, ದಲಾಲಿ ಅವಳಿಂದ ಮಾತ್ರ, ಮಾರುವವರಿಗೆ ಇದನ್ನು ಮೊದಲೇ ಹೇಳಬೇಕು, ಮನೆಯ ಬಗ್ಗೆ ತಿಳಿದದ್ದನ್ನೆಲ್ಲ ಅವಳಿಗೆ ಹೇಳಬೇಕು. ಖಾದರಸಾಬ ತುಂಟ ಎಮ್ಮೆ ಕೊಂಡು ಮೋಸಹೋದವನ ಹಾಗೆ ಮುಖ ಮಾಡಿ ಸಹಿ ಹಾಕಿದ.

ಆಮೇಲೆ ಶುರುವಾಯಿತು ನೋಡಿ ಪಜೀತಿ. ಅವನ ಬಾಯಿಗೆ ಹೊಗಳುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೊದಲ ಮನೆಯ ಬಾಗಿಲಲ್ಲೇ "ಆಹಾ, ಏನ ಗಾಳಿ!" ಅಂದ. ಹೊನ್ನವ್ವ ತಿರುಗಿ ನೋಡಿದಳು. ನಾಲಿಗೆ ಕಚ್ಚಿಕೊಂಡು, "ಅಂದ್ರ, ಗಾಳಿ ಭಾಳ ಆತು. ಧೂಳ ಬರ್ತೈತಿ," ಎಂದು ತಿದ್ದಿಕೊಂಡ.

ಎರಡನೆಯ ತಿಂಗಳಿಗೆ ಅವನಿಗೆ ಅದರ ರುಚಿ ಹತ್ತಿತು. ಗೋಡೆಗೆ ಕಿವಿ ಹಚ್ಚಿ ಬಡಿಯುವುದು, ಮಾಳಿಗೆಯ ಮೇಲೆ ಕೊಡ ನೀರು ಸುರಿದು ಎಲ್ಲಿ ಸೋರುತ್ತದೆಂದು ಕೆಳಗೆ ಬಾಯಿ ತೆರೆದು ನಿಲ್ಲುವುದು! ಒಂದು ಮನೆಯಲ್ಲಿ ನೆಲ ಸಮ ಇದೆಯೋ ಇಲ್ಲವೋ ನೋಡಲು ಮಲಗಿದವನು ನಿದ್ದೆಯೇ ಹೋದ. ಇನ್ನೊಂದರಲ್ಲಿ, "ಅಡಗೀಮನಿ ಹೊಗಿ ಹೊರಗ ಹೋಗೂದಿಲ್ಲ," ಅಂದಾಗ ಮಾಲಕನ ಹೆಂಡತಿಯೇ ಹೊರಬಂದು, "ಖರೇ ಅಂದ್ರಿ ನೋಡ್ರಿ! ನಾ ಹತ್ತ ವರ್ಷದಿಂದ ಬಡಕೊಳ್ಳಾಕತ್ತೇನಿ," ಎಂದು ಗಂಡನ ಮೇಲೆ ತಿರುಗಿಬಿದ್ದಳು. ಮನೆ ಮಾರಾಟ ಅಲ್ಲಿಗೇ ನಿಂತಿತು. ಖಾದರಸಾಬ ಬರುವುದು ಕಂಡರೆ ಮಾರುವವರು ಬಾಗಿಲು ಹಾಕಿಕೊಳ್ಳತೊಡಗಿದರು.

ಹದಿನಾಲ್ಕು ಮನೆ ಹೀಗೆ ಹೋದ ಮೇಲೆ ಹೊನ್ನವ್ವ ಸಿಟ್ಟಿಗೆದ್ದಳು. "ಸಾಬರ, ನಂಗ ಇರಾಕ ಮನೀ ಬೇಕ್ರಿ. ತಪ್ಪ ಎಣಸಾಕಲ್ಲ."

ಹದಿನೈದನೆಯದು ಬಂಕಾಪುರದಲ್ಲಿ ಗುದ್ಲೆಪ್ಪ ಅನ್ನುವವನ ಮನೆ. ಕಾಗದ ನೋಡಲು ನನ್ನನ್ನೂ ಕರೆದೊಯ್ದರು. ಎರಡು ಕೋಣೆ, ಹಿತ್ತಲಲ್ಲಿ ಕರಿಬೇವಿನ ಗಿಡ, ಒಲೆಯ ಎದುರಿಗೇ ಕಿಟಕಿ. ಹೊನ್ನವ್ವ ಆ ಕಿಟಕಿಯ ಮುಂದೆ ನಿಂತವಳು ಸರಿಯಲೇ ಇಲ್ಲ. ಮನಸ್ಸು ಕೂತುಬಿಟ್ಟಿತ್ತು.

"ನಾ ಈಕಿ ಕಡೆಯಾಂವರಿ, ಮೊದಲ ಹೇಳ್ತೇನಿ," ಅಂದ ಖಾದರಸಾಬ. ಗುದ್ಲೆಪ್ಪ ನಕ್ಕ. "ಎಲ್ಲಾ ದಲ್ಲಾಳಿಗೋಳೂ ಹಂಗ ಅಂತಾರ, ಬರ್ರಿ."

ಉತಾರ, ಅಂದರೆ ಮನೆಯ ಹಕ್ಕಿನ ಕಾಗದ, ಅಪ್ಪ ತೀರಿದ ಮೇಲೆ ಗುದ್ಲೆಪ್ಪನ ಒಬ್ಬನ ಹೆಸರಿಗೇ ಬಂದಿತ್ತು. ಬೋಜಾ, ಅಂದರೆ ಸಾಲದ ಹೊರೆ, ಏನೂ ಇರಲಿಲ್ಲ. ನಾನು ಸರಿ ಇದೆ ಅಂದೆ. ಮೂವತ್ತು ವರ್ಷ ಕಾಗದ ಓದಿದ ನಾನು ಅಂದೆ! ಖಾದರಸಾಬ ಮಾತ್ರ ಹೊರಕೋಣೆಯ ಗೋಡೆಯ ಮೇಲಿನ ಹಳೆಯ ಫೋಟೋ ನೋಡುತ್ತಿದ್ದ. ಅಪ್ಪ, ಅವ್ವ, ಚಡ್ಡಿ ಹಾಕಿದ ಗುದ್ಲೆಪ್ಪ.

"ಈ ಎರಡ ಜಡಿ ಹುಡಿಗಿ ಯಾರ್ರಿ?"

"ಅಕಿ... ತಂಗಿ. ಹಿರೇಕೆರೂರಿಗೆ ಕೊಟ್ಟೇವಿ."

"ಮನೀ ಅಪ್ಪಂದು. ಅಕೀ ಸಹಿನೂ ಬೇಕಲ್ರಿ?"

"ಅಕೀದೇನ ಐತಿ ಬಿಡ್ರಿ. ಕೈ ತರ್ರಿ ಇಲ್ಲೆ, ದರ ಮಾತಾಡೂಣು." ಗುದ್ಲೆಪ್ಪ ತಾನೇ ಟವೆಲ್ಲು ಎಳೆದು ಖಾದರಸಾಬನ ಕೈ ಮೇಲೆ ಹೊದಿಸಿ, ತನ್ನ ಕೈ ಒಳಗೆ ತೂರಿಸಿದ.

ಟವೆಲ್ಲಿನ ಕೆಳಗೆ ಏನೋ ನಡೆಯಿತು. ಖಾದರಸಾಬ ಅಡುಗೆಮನೆಯ ಕಡೆ ತಿರುಗಿ ನೋಡಿದ. ಹೊನ್ನವ್ವ ಇನ್ನೂ ಕಿಟಕಿಯ ಹತ್ತಿರವೇ ಇದ್ದಳು, ನಮ್ಮ ಮಾತು ಅವಳಿಗೆ ಕೇಳಿಸಿರಲಿಲ್ಲ. ಇದ್ದಕ್ಕಿದ್ದ ಹಾಗೆ ಟವೆಲ್ಲನ್ನು ಎತ್ತಿ ಬಿಸಾಡಿದ!

ಅದು ಸಂತೆಯಲ್ಲಿ ಯಾರೂ ಮಾಡದ ಕೆಲಸ. ಟವೆಲ್ಲು ಎತ್ತಿದವನಿಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ. ಗುದ್ಲೆಪ್ಪ ಖಾದರಸಾಬನ ಕಿರುಬೆರಳನ್ನು ಮಡಚಿ ಹಿಡಿದಿದ್ದ. ಗಾಬರಿಯಲ್ಲಿ ಬಿಡುವುದನ್ನೂ ಮರೆತು, ಹಿಡಿದುಕೊಂಡೇ ಕೂತಿದ್ದ.

"ಯವ್ವಾ, ಬಂದ ನೋಡ," ಅಂದ ಖಾದರಸಾಬ. "ಎತ್ತು ಕುಂಟಿದ್ರ ದಲ್ಲಾಳಿ ಬಾಯಿ ಮುಚ್ಚಾಕ ಹಿಡಿಯೂ ಬೆರಳಿದು. ತಂಗೀ ಸುದ್ದಿ ನಿನಗ ಹೇಳಬ್ಯಾಡಂತ. ನಾಳೆ ಅಕಿ ಪಾಲ ಕೇಳ್ಕೊಂಡ ಬಂದ್ರ ನೀ ಎಲ್ಲಿ ಹೋಗ್ತಿ?"

"ಟವೆಲ್ ಎತ್ತಿದೆಲ್ಲೋ, ಮಾನಗೇಡಿ!" ಎಂದು ಗುದ್ಲೆಪ್ಪ ಚೀರಿದ. ತಾನು ಮಾಡಿದ್ದಕ್ಕಿಂತ ಅದು ಕಂಡದ್ದೇ ಅವನಿಗೆ ದೊಡ್ಡ ಅಪರಾಧವಾಗಿತ್ತು.

ಹೊನ್ನವ್ವ ಅಳಲಿಲ್ಲ. "ತಂಗಿ ಇದ್ದರ ಕೇಳೂಣಲ್ರಿ," ಅಂದಳು. ಮರುದಿನ ಮೂವರೂ ಹಿರೇಕೆರೂರಿನ ಬಸ್ಸು ಹತ್ತಿದೆವು. ತಂಗಿ ರೊಟ್ಟಿ ಬಡಿದು ಉಣ್ಣಿಸಿ, ಎರಡು ತಾಸು ಅಣ್ಣನ ಚಡ್ಡಿ ಕಾಲದ ಕಳ್ಳತನಗಳನ್ನೆಲ್ಲ ಹೇಳಿದಳು. ಕೊನೆಗೆ ಕಣ್ಣೊರೆಸಿಕೊಂಡಳು. "ಬಾಯಿಬಿಟ್ಟ ಕೇಳಿದ್ರ ಪುಕ್ಕಟ ಸಹಿ ಹಾಕ್ತಿದ್ದೆ. ಈಗ ಅರ್ಧ ಪಾಲ ಕೊಡ್ಲಿ."

ಗುದ್ಲೆಪ್ಪ ಒಂದು ತಿಂಗಳು ಮುಖ ಉಬ್ಬಿಸಿಕೊಂಡಿದ್ದ. ಆಮೇಲೆ ಬೇರೆ ಗಿರಾಕಿ ಸಿಗದೆ ಒಪ್ಪಿದ. ದರ ಎಲ್ಲರ ಎದುರಿಗೆ ಬಾಯಲ್ಲೇ ಮಾತಾಡಿ ಮುಗಿಯಿತು. ಆ ತಿಂಗಳು ಖಾದರಸಾಬನಿಗೆ ಮಾರುವವರು ಒಬ್ಬರೂ ನಮಸ್ಕಾರ ಹೇಳಲಿಲ್ಲ.

ನೋಂದಣಿಯ ದಿನ ಗುದ್ಲೆಪ್ಪನ ಕಡೆಯಿಂದ ಎಂಟು ಜನ ಬಂದಿದ್ದರು. ಒಳಗಿದ್ದ ಗುಮಾಸ್ತ ಕಾಗದ ತಿರುವುತ್ತ ಕೇಳಿದ, "ಬಾಯಾರ, ನಿಮ್ಮ ಕಡಿಂದ ಯಾರ ಬಂದಾರ್ರಿ?"

"ಇವರ ಬಂದಾರಲ್ಲ, ಖಾದರಸಾಬರು."

"ನಿಮಗ ಏನಾಗಬೇಕು?"

ಹೊನ್ನವ್ವ ಖಾದರಸಾಬನ ಕಡೆ ತಿರುಗಿದಳು. "ಏನೂ ಆಗಬೇಕಿಲ್ರಿ. ಆದ್ರ ನನ್ನ ಕಡೇರು ಅಂದ್ರ ಇವರೊಬ್ಬರ."

ಸಾಕ್ಷಿದಾರರು ಸಹಿಯ ಕೆಳಗೆ ತಂದೆಯ ಹೆಸರು ಬರೆಯಬೇಕು. ಖಾದರಸಾಬ ಪೆನ್ನು ಹಿಡಿದು ಸುಮ್ಮನೆ ಕೂತಿದ್ದ. ಹಿಂದೆ ಪಾಳಿ ಹಚ್ಚಿದ ಜನ ಗದ್ದಲ ಮಾಡತೊಡಗಿದರು.

"ಬರಿಯೋ ಸಾಬ!" ಎಂದು ಗದರಿದೆ.

"ಅಪ್ಪನ ಹೆಸರ ನೆಪ್ಪ ಹಾರೇತ್ರಿ," ಅಂದ. ಕಣ್ಣು ತುಂಬಿ ಹಾಳೆಯೂ ಅವನಿಗೆ ಕಾಣುತ್ತಿರಲಿಲ್ಲ. ಇಮಾಮಸಾಬ ಎಂದು ನಾನೇ ಒಂದೊಂದು ಅಕ್ಷರ ಹೇಳಿ ಬರೆಸಬೇಕಾಯಿತು.