ಹೆಬ್ಬೆರಳಿನ ಗೆರೆ

ಬಸವೇಶ್ವರನಗರದ ಮೂರು ಮನೆಗಳಲ್ಲಿ ಪಾತ್ರೆ ಉಜ್ಜುತ್ತಿದ್ದ ಕಾಲವದು. ರಾಯಚೂರು ಕಡೆಯಿಂದ ಬಂದು ಲಗ್ಗೆರೆಯಲ್ಲಿ ಒಂದು ಕೋಣೆ ಹಿಡಿದಿದ್ದೆವು. ನನ್ನಂಥ ಮನೆಗೆಲಸದ ಹೆಂಗಸರನ್ನು ಕೂಡಿಸಿ ಒಬ್ಬ ಮೇಡಂ ದುಡ್ಡಿನ ಪಾಠ ಹೇಳುತ್ತಿದ್ದರು. ಅಕ್ಕಿ ಡಬ್ಬಿಯಲ್ಲಿ ಇಡಬೇಡಿ, ಬ್ಯಾಂಕಿಗೆ ಹಾಕಿ ಅನ್ನುವುದು ಮೊದಲ ಪಾಠ.

"ನಂಬರ್ ಮರೆತುಹೋಗುತ್ತೆ, ಕಾರ್ಡ್ ಕಳೆದುಹೋಗುತ್ತೆ. ನಿಮ್ಮ ಹೆಬ್ಬೆಟ್ಟನ್ನ ಯಾರು ಕದೀತಾರೆ ಹೇಳಿ?" ಅಂದರು ಒಂದು ದಿನ.

ಆ ಮಾತು ಎಷ್ಟು ಹಿಡಿಸಿತೆಂದರೆ, ಖಾತೆ ತೆರೆದಾಗ ಎಟಿಎಂ ಕಾರ್ಡೇ ಬೇಡ ಅಂದುಬಿಟ್ಟೆ. ಕಾರ್ಡು ಮನೆಯಲ್ಲಿದ್ದರೆ ಗಂಡನ ಜೇಬು ಸೇರಲು ಎಷ್ಟು ಹೊತ್ತು? ಬೆರಳನ್ನಂತೂ ಅವನು ಕೇಳುವ ಹಾಗಿರಲಿಲ್ಲ. ಯಾರಿಗೂ ಹೇಳದೆ ಹಾಕುತ್ತಾ ಬಂದೆ, ಒಮ್ಮೆಯೂ ತೆಗೆಯಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಒಂದು ಭಾನುವಾರ ಮಗಳಿಗೆ ಡೆಂಗಿ ಅಂತ ಗೊತ್ತಾಯಿತು. ವಿಜಯನಗರದ ನರ್ಸಿಂಗ್ ಹೋಮಿನವರು ಮುಂಗಡ ಕಟ್ಟಿದರೆ ಮಾತ್ರ ಬೆಡ್ ಅಂದರು. ಗಾರೆ ಕೆಲಸಕ್ಕೆ ಹೊಸೂರಿಗೆ ಹೋಗಿದ್ದ ಗಂಡ ಫೋನು ಎತ್ತಲಿಲ್ಲ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಕ್ಕನ ತೊಡೆಯ ಮೇಲೆ ಮಗಳ ತಲೆಯಿಟ್ಟು ಅಲ್ಲೇ ಬೆಂಚಿನ ಮೇಲೆ ಮಲಗಿಸಿದೆ.

"ಅವ್ವಾ, ಲಗೂನ ಬಾ" ಅಂದಳು.

ಬ್ಯಾಂಕಿಗೆ ರಜೆ. ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಅಂಗಡಿಯೊಂದು ಅತ್ತಿಗುಪ್ಪೆಯಲ್ಲಿತ್ತು, ಅಲ್ಲಿಗೆ ಓಡಿದೆ.

"ಮ್ಯಾಚ್ ಆಗ್ತಿಲ್ಲ ಆಂಟಿ. ಕೈ ಒರೆಸ್ಕೊಳ್ಳಿ" ಅಂದರು ಅಂಗಡಿಯವರು.

ಸೆರಗಿಗೆ ಒರೆಸಿದೆ. ಇನ್ನೊಂದು ಬೆರಳು ಒತ್ತಿದೆ, ಇನ್ನೊಂದು ಕೈ ಒತ್ತಿದೆ. ಕೊಬ್ಬರಿ ಎಣ್ಣೆ ಹಚ್ಚಿಸಿ ನೋಡಿದರು. ಕೊನೆಗೆ ನನ್ನ ಬೆರಳನ್ನೇ ಬೆಳಕಿಗೆ ಹಿಡಿದರು.

"ಆಧಾರ್ ಮಾಡಿಸ್ದಾಗ ಇದ್ದ ಗೆರೆ ಈಗಿಲ್ವಲ್ಲ, ಸವೆದುಹೋಗಿದೆ. ಪಾತ್ರೆ ಕೆಲ್ಸಾನಾ? ಒಂದ್ ವಾರ ಸೋಪು, ನೀರು ಮುಟ್ಬೇಡಿ, ವಾಪಸ್ ಬರುತ್ತೆ."

ಒಳ್ಳೆಯ ಮನುಷ್ಯನೇ, ಆದರೂ ಆ ಮಿಷನ್ನನ್ನು ಎತ್ತಿ ರಸ್ತೆಗೆ ಎಸೆಯಬೇಕು ಅನ್ನಿಸಿತು. ದುಡ್ಡು ನನ್ನದು, ಬೆರಳು ನನ್ನದು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮೇಡಂ ಹೇಳಿದ್ದು ಸುಳ್ಳಲ್ಲ, ಆ ದುಡ್ಡನ್ನು ಯಾರೂ ಮುಟ್ಟುವಂತಿರಲಿಲ್ಲ, ನಾನೂ. ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ.

ಕೊನೆಗೆ ನಾನು ಕೆಲಸ ಮಾಡುವ ಒಂದು ಮನೆಯ ಬಾಗಿಲು ಬಡಿದೆ. "ಅಮ್ಮಾ, ಮಗಳನ್ನ ದವಾಖಾನಿಗೆ ಸೇರಿಸಬೇಕ್ರಿ. ಪಗಾರದಾಗ ಹಿಡಕೊಳ್ರಿ" ಅಂದೆ.

"ಅಯ್ಯೋ, ಇಲ್ಲ ಅಂತೀನಾ? ಯಜಮಾನ್ರು ಈಗ್ಲೇ ಎಟಿಎಂಗೆ ಹೋಗಿ ತರ್ತಾರೆ ಕೂತ್ಕೋ" ಅಂದರು ಮನೆಯಮ್ಮ. ಒಳಗೆ ಎರಡು ಹೆಜ್ಜೆ ಇಟ್ಟವರು ತಿರುಗಿದರು. "ಬೆಳಿಗ್ಗೆ ನೆಂಟರು ಬಂದಿದ್ರು ಕಣೇ. ಯಜಮಾನ್ರು ಬರೋವರ್ಗೂ ಆ ಪಾತ್ರೆ ಒಂಚೂರು ನೋಡ್ಬಿಡು."

ಸಿಂಕಿನ ತುಂಬ ಜಿಡ್ಡು ಬಾಣಲೆ, ತಳ ಹಿಡಿದ ಪಾಯಸದ ಪಾತ್ರೆ. ಮಗಳು ಅಲ್ಲಿ ಬೆಂಚಿನ ಮೇಲೆ ನನ್ನ ದಾರಿ ಕಾಯುತ್ತಿದ್ದಳು. ನಾನು ಪುಡಿ ಹಾಕಿ, ನಾರು ಹಿಡಿದು, ಇದ್ದ ಬಲವನ್ನೆಲ್ಲ ಹೆಬ್ಬೆರಳಿಗೆ ಕೊಟ್ಟು ಉಜ್ಜತೊಡಗಿದೆ.