ಕಿವಿಯ ಹತ್ತಿ

ಹುಲಿಗೆಪ್ಪ ಕೂಗಿದ್ದ. ಮೂರು ಸಲವೂ ಕೂಗಿದ್ದ, ನಾನು ಕಿವಿಯಾರೆ ಕೇಳಿದ್ದೆ. ಕೂಗಲೇ ಇಲ್ಲ ಎಂದು ಐದು ಮಂದಿ ಹಿರಿಯರ ಮುಂದೆ ನಿಂತು ಹೇಳಿದವಳೂ ನಾನೇ. ಆ ಮಾತಿಗೆ ಅವನ ಕೆಲಸ ಹೋಯಿತು, ಊರು ಬಿಟ್ಟ. ನನ್ನ ಗಂಡನಿಗೆ ನಾನು ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ಇಷ್ಟು ವರ್ಷ ಹೇಳಲು ಬಾಯಿ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿ ನನಗೆ ಯಾವತ್ತೂ ಕಡಿಮೆ ಇರಲಿಲ್ಲ. ಮನಸ್ಸು ಬರಲಿಲ್ಲ.

ಹುಲಿಗೆಪ್ಪ ಕುರುಗೋಡಿನ ಕಲ್ಲು ಕ್ವಾರಿಯಲ್ಲಿ ಮದ್ದು ಸಿಡಿಸುವವನು. ಬಂಡೆಯ ಕುಳಿಗಳಿಗೆ ಮದ್ದು ತುಂಬಿ, ಮಧ್ಯಾಹ್ನ ಕೂಲಿಯವರು ಊಟಕ್ಕೆ ಎದ್ದ ಮೇಲೆ ಬತ್ತಿಗೆ ಬೆಂಕಿ ಇಡುತ್ತಿದ್ದ. ಇಡುವ ಮುಂಚೆ ಮೂರು ಸಲ ಕೂಗುತ್ತಿದ್ದ. ಎಲ್ಲ ಕುಳಿ ಸಿಡಿದ ಮೇಲೆ ಇನ್ನೊಂದು ಕೂಗು — "ಆತು, ಬರ್ರಿ." ನಮ್ಮ ಮನೆ ಅಲ್ಲೇ ಗುಡ್ಡದ ಬುಡದಲ್ಲಿತ್ತು.

ಗಂಡನ ಹೆಸರು ಹೇಳಬಾರದು ಅಂತಾರೆ. ಬರೆಯುತ್ತೇನೆ: ಯರ್ರಿಸ್ವಾಮಿ. ಆತನೂ ನನ್ನ ಅಣ್ಣ ದೊಡ್ಡಬಸಪ್ಪನೂ ಒಂದೇ ದಿನ ಬಳ್ಳಾರಿಗೆ ಹೋಗಿ ಮಿಲಿಟರಿ ಕೂಲಿಗೆ ಹೆಸರು ಬರೆಸಿದವರು. ಬರ್ಮಾದ ಗಡಿಯಲ್ಲಿ ರಸ್ತೆ ಮಾಡುವ ಕೆಲಸ. ಒಂದೇ ಡೇರೆ. ಒಂದೇ ಬಾಂಬು ಇಬ್ಬರ ಕಣ್ಣೆದುರೂ ಬಿತ್ತು. ಲಡಾಯಿ ಮುಗಿದ ಮೇಲೆ ಒಂದೇ ರೈಲಿನಲ್ಲಿ ಬಂದಿಳಿದರು. ಅಣ್ಣ ಬಳ್ಳಾರಿಯ ಹತ್ತಿ ಮಿಲ್ಲಿಗೆ ಸೇರಿದ, ಚಹಾದಂಗಡಿಯಲ್ಲಿ ಕೂತು ಬಾಂಬಿನ ಕಥೆ ಹೇಳಿ ಮಂದಿಯನ್ನು ನಗಿಸುತ್ತಿದ್ದ. ನನ್ನ ಗಂಡ — ತಟ್ಟೆ ಕೈಜಾರಿ ಬಿದ್ದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಕ್ವಾರಿ ಸಿಡಿದರೆ ಉಟ್ಟ ಧೋತರ ಒದ್ದೆಯಾಗುತ್ತಿತ್ತು.

ಹೋಗುವ ಮುಂಚೆಯೂ ಆತ ಮೆತ್ತಗಿನ ಮನುಷ್ಯನೇ. ಓಣಿಯಲ್ಲಿ ಯಾರ ಎಮ್ಮೆಗೆ ಕಾಲುನೋವು, ಯಾರ ಮಗಳು ಬಸುರಿ, ಎಲ್ಲ ಕೇಳಬೇಕು. ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಬಾಗಿಲ ಚಿಲಕ ಹಾಕಿ ಎರಡು ಸಲ ಎಳೆದು ನೋಡುತ್ತಿದ್ದ. ಅದನ್ನೆಲ್ಲ ನೋಡಿದ್ದ ನಾನು ತೀರ್ಮಾನ ಮಾಡಿಬಿಟ್ಟೆ — ಇದು ಲಡಾಯಿಯಿಂದ ಬಂದದ್ದಲ್ಲ, ಹುಟ್ಟುಗುಣ. ಅಣ್ಣ ಗಂಡಸು, ಈತ ಪುಕ್ಕಲ.

ಆತನೇ ಒಂದು ದಾರಿ ಮಾಡಿಕೊಂಡಿದ್ದ. ಹೊತ್ತು ನೆತ್ತಿಗೆ ಬರುವಾಗ ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಕಂಬಳಿ ಸುತ್ತಿಕೊಂಡು ಒಳಕೋಣೆಯಲ್ಲಿ ಬೋರಲು ಮಲಗುತ್ತಿದ್ದ. ಸದ್ದು ಬರುತ್ತದೆ ಎಂದು ಗೊತ್ತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದು, ಹುಲಿಗೆಪ್ಪನ "ಆತು" ಕೇಳಿದ ಮೇಲೆ ಹೋಗಿ ಆತನ ಹೆಗಲು ಮುಟ್ಟಬೇಕು. ಮುಟ್ಟಿದರೆ ಎದ್ದು, ಹತ್ತಿ ತೆಗೆದು ಹೊಲಕ್ಕೆ ಹೋಗಿ ಎಲ್ಲರಂತೆ ದುಡಿಯುತ್ತಿದ್ದ. ಎರಡು ವರ್ಷ ಹೀಗೆ ನಡೆಯಿತು. ಹೀಗೇ ನಡೆದಿದ್ದರೆ ಯಾರ ಗಂಟು ಹೋಗುತ್ತಿತ್ತು? ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೇ.

ಒಂದು ದಿನ ಬಾವಿಯ ಹತ್ತಿರ ನೆರೆಮನೆಯ ಸಾವಂತ್ರಮ್ಮ ಕೇಳಿದಳು: "ಅಲ್ಲಬೇ, ನಿನ್ನ ಗಂಡ ಲಡಾಯಿಗೆ ಹೋಗಿದ್ನೋ, ಲಡಾಯಿ ಮಂದಿಗೆ ರೊಟ್ಟಿ ಬಡಿಯಾಕ ಹೋಗಿದ್ನೋ?"

ಸುತ್ತಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ.

"ಬಿಕ್ಕಳಿಕಿ ಬಂದ್ರ ಹುಡುಗ್ರನ್ನ ಅಂಜಿಸ್ತೀವಿಲ್ಲೇನು? ನಿಂತು ಹೋಗತೈತಿ," ಅಂದಳು. "ಒಮ್ಮಿ ಸಿಡಿಯಾಕತ್ತಾಗ ಕರ್ಕೊಂಡೋಗಿ ನಿಂದ್ರಿಸಿಬಿಡು."

ಅವಳು ಅಂದು ಮರೆತಳು. ನಾನು ಹಿಡಿದುಕೊಂಡೆ.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ಬಾಗಿಲಲ್ಲಿ ನಿಂತಿದ್ದೆ. ಒಂದು ಕೂಗು, ಎರಡು, ಮೂರು. ಮೂರನೆಯದು ಮುಗಿದ ಕೂಡಲೇ ಒಳಗೆ ಹೋಗಿ ಹೆಗಲು ಮುಟ್ಟಿದೆ.

ಆತ ಎದ್ದು ಹತ್ತಿ ತೆಗೆದ. "ಇವತ್ತು ಜಲ್ದಿ ಆತಲ್ಲ. ಸದ್ದಾ ಗೊತ್ತಾಗಲಿಲ್ಲ."

"ಒಂದಾ ಕುಳಿಯಂತ, ಸಣ್ಣದು. ಬರ್ರಿ, ಬಂಡೆ ಹಿಂದ ಒಲಿಗೆ ಪುಳ್ಳಿ ಬಿದ್ದಾವ, ಆರಿಸ್ಕೊಂಡು ಬರೂಣು."

ಬಂದ. ಹಿಂದೆಮುಂದೆ ನೋಡದೆ ನನ್ನ ಹಿಂದೆ ಬಂದ. ಮನೆಯ ಹಿಂದಿನ ಬಂಡೆ ದಾಟಿದ್ದೆವು, ಅಷ್ಟೇ. ಸಿಡಿಯಿತು.

ಓಡಿಹೋಗುತ್ತಾನೆ ಅಂದುಕೊಂಡಿದ್ದೆ, ಇಲ್ಲವೇ ನಿಂತಲ್ಲೇ ನಿಂತು, ಇಷ್ಟೇನಾ ಎಂದು ಗುಣವಾಗುತ್ತಾನೆ ಎಂದು. ಎರಡೂ ಆಗಲಿಲ್ಲ. ನನ್ನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿ ಮೇಲೆ ಮಲಗಿಬಿಟ್ಟ. ಒಂದಾದ ಮೇಲೊಂದು ಕುಳಿ ಸಿಡಿದವು. ಕಲ್ಲಿನ ಚೂರು ಆತನ ಬೆನ್ನಿಗೆ ಬಡಿಯುತ್ತಿದ್ದದ್ದು ನನಗೆ ಕೆಳಗಿನಿಂದ ಗೊತ್ತಾಗುತ್ತಿತ್ತು. ನನ್ನ ಮೈಮೇಲೆ ಒಂದು ಗೀರು ಬೀಳಲಿಲ್ಲ. ಆತ ನನ್ನ ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದ — ಹೆಸರುಗಳು. ನಾನು ಯಾವತ್ತೂ ಕೇಳದ ಊರುಗಳ, ಕೇಳದ ಮಂದಿಯ ಹೆಸರುಗಳು.

ಹುಲಿಗೆಪ್ಪ ಕೂಗಿದ್ದನೋ ಇಲ್ಲವೋ ಕೇಳಲು ಮರುದಿನ ಕ್ವಾರಿಯ ಗುತ್ತೇದಾರ ಊರ ಹಿರಿಯರನ್ನು ಕೂಡಿಸಿದ. ನನ್ನ ಗಂಡ ಮನೆಯಲ್ಲಿ ಮಾತು ನಿಂತು ಬಿದ್ದಿದ್ದ. ಕೂಲಿಯವರನ್ನು ಕೇಳಿದರೆ, ದಿನಾ ಕೇಳುವ ಕೂಗು, ನಾವು ಕೇಳಿದ್ದು ನಿನ್ನೆಯದೋ ಮೊನ್ನೆಯದೋ ಗೊತ್ತಿಲ್ಲ ಅಂದರು.

ಹುಲಿಗೆಪ್ಪ ನನ್ನ ಕಡೆ ತಿರುಗಿದ. "ಗಂಟಲು ಹರಕೊಂಡು ಕೂಗೀನಿ ಯಕ್ಕಾ. ನೀನಾರ ಹೇಳು."

"ಕೂಗಿದ್ರ ನಾ ಯಾಕ ಹೋಗ್ತಿದ್ದೆ?" ಅಂದೆ.

ಇಷ್ಟೇ ನಾನು ಆಡಿದ್ದು. ಯಾರೂ ಎರಡನೇ ಮಾತು ಕೇಳಲಿಲ್ಲ. ಹೆಣ್ಣುಮಗಳು, ಗಂಡನ ಬೆನ್ನ ತುಂಬ ಗಾಯ — ಯಾರು ಸುಳ್ಳು ಅಂದಾರು? ನಿಜ ಹೇಳಿದ್ದರೆ ಗಂಡನನ್ನು ಕೊಲ್ಲಲು ಹೋದವಳು ಅನ್ನುತ್ತಿದ್ದರು. ಆ ಹೆಸರು ನನಗೆ ಬೇಡವಾಗಿತ್ತು.

ಕೆಲವು ದಿನಕ್ಕೆ ಆತನಿಗೆ ಮಾತು ಬಂತು. ನನ್ನನ್ನು ಯಾಕೆ ಎಂದು ಕೇಳಲಿಲ್ಲ. ಯಾರ ಮುಂದೆಯೂ ಹೇಳಲಿಲ್ಲ. ಆದರೆ ಅವತ್ತಿನಿಂದ ನಾನು ಹೆಗಲು ಮುಟ್ಟಿದರೆ ಏಳುತ್ತಿರಲಿಲ್ಲ. ಸಂಜೆಯವರೆಗೆ ಕಂಬಳಿಯಲ್ಲೇ ಬಿದ್ದಿರುತ್ತಿದ್ದ. ಹೊಲದ ಕೆಲಸ ನಿಂತಿತು. ಅನ್ನ ಆಗಿದೆ ಅಂದರೆ ಮುಚ್ಚಳ ತೆಗೆದು ನೋಡುತ್ತಿದ್ದ. ಹೊರಗೆ ಯಾರೂ ಇಲ್ಲ ಅಂದರೆ ಎದ್ದು ಹೋಗಿ ನೋಡಿ ಬರುತ್ತಿದ್ದ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಸಿರುಗುಪ್ಪದ ನನ್ನ ತವರಿಗೆ ಕರೆದುಕೊಂಡು ಹೋದೆ — ಅಲ್ಲಿ ಕ್ವಾರಿ ಇಲ್ಲ, ಭತ್ತದ ಗದ್ದೆ, ಹೊಳೆ. "ಇಲ್ಲಿ ಸಿಡಿಯೂದಿಲ್ಲ" ಅಂತ ನೂರು ಸಲ ಹೇಳಿದೆ. ಹೇಳಿದವಳು ನಾನಲ್ಲವೇ. ಮಧ್ಯಾಹ್ನವಾದರೆ ಹತ್ತಿ ಹುಡುಕುತ್ತಿದ್ದ. ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ವರ್ಷ ಜ್ವರ ಬಂದು ಸತ್ತ. ಅಲ್ಲಿಯವರೆಗೂ ನನ್ನ ಒಂದು ಮಾತನ್ನೂ ನಂಬಲಿಲ್ಲ.

ತಿಥಿಗೆ ಬಂದ ಅಣ್ಣನನ್ನು ಕೇಳಿದೆ — ಇಬ್ಬರೂ ಒಂದೇ ಕಡೆ ಇದ್ದಿರಿ, ನಿನಗೇನೂ ಆಗಲಿಲ್ಲ, ಆತನಿಗೆ ಮಾತ್ರ ಯಾಕೆ?

ಅಣ್ಣ ಅಂದ: "ನಾ ಅಲ್ಲಿ ಯಾರ ಹೆಸರೂ ಕೇಳಿದ್ದಿಲ್ಲ ತಂಗಿ. ಅಂವ ಡೇರೆದಾಗಿನ ಎಲ್ಲರ ಹೆಸರು, ಊರು, ಮಕ್ಕಳ ಹೆಸರು ಕೇಳಿ ಇಟ್ಕೊಂಡಿದ್ದ. ಬಾಂಬು ಬಿದ್ದಾಗ ನನಗ ಹನ್ನೊಂದು ಹೆಣ ಕಂಡ್ವು. ಅಂವಗ ಹನ್ನೊಂದು ಮನಿ ಕಂಡ್ವು."

ಇದು ಮೊದಲೇ ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಬರೆದಿದ್ದೆ. ಹೊಡೆದು ಹಾಕಿದೆ. ಗೊತ್ತಿಲ್ಲದ್ದು ಯಾವುದು? ಹೆಗಲು ಮುಟ್ಟಿದರೆ ಆತ ನಂಬುತ್ತಾನೆ ಅನ್ನುವುದು ಗೊತ್ತಿತ್ತಲ್ಲ.

ಹುಲಿಗೆಪ್ಪನೂ ಸತ್ತು ಬಹಳ ವರ್ಷವಾಯಿತು. ಅವನ ಮಗಳು ತೆಕ್ಕಲಕೋಟೆಯಲ್ಲಿದ್ದಾಳೆಂದು ಹೋದ ತಿಂಗಳು ತಿಳಿಯಿತು. ಹೋದೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅವಳು ಕೆಲಸ ನಿಲ್ಲಿಸದೆ ಜೋಳ ಹಸನು ಮಾಡುತ್ತ ಕೇಳಿದಳು.

"ನಮ್ಮಪ್ಪ ಸಾಯೂತನಕ ಕೇಳತಿದ್ದ," ಅಂದಳು. "ನಾ ಕೂಗಿದ್ನೋ ಇಲ್ಲೋ ಅಂತ. ತನ್ನ ಗಂಟಲ ಮ್ಯಾಲೆ ತನಗ ನಂಬಿಕಿ ಇಲ್ಲದಂಗ ಆಗಿತ್ತು."

ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಮುಂದ ಹೇಳಿ ಏನು ಮಾಡ್ತಿ? ಎಲ್ಲಿ ಅಂದಿದ್ದೆಲಾ, ಅಲ್ಲಿ ಹೋಗಿ ಹೇಳು."

ಸರಿಯಾಗಿಯೇ ಹೇಳಿದಳು. ಆ ಐದು ಮಂದಿಯಲ್ಲಿ ಯಾರೂ ಉಳಿದಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಕುರುಗೋಡಿನಲ್ಲೇ ಇದ್ದಾರೆ. ಸೋಮವಾರದ ಬಸ್ಸಿಗೆ ಹೋಗುತ್ತೇನೆ. ಒಂದೊಂದು ಮನೆಯ ಬಾಗಿಲಲ್ಲೂ ನಿಂತು ಹೇಳುತ್ತೇನೆ. ಮುದುಕಿಗೆ ತಲೆ ಕೆಟ್ಟಿದೆ ಅಂದಾರು. ಅಂದರೆ ಇನ್ನೊಮ್ಮೆ ಹೇಳುತ್ತೇನೆ.